ಶುಕ್ರವಾರದ ಟ್ರಿಪ್: ಕಾರ್ಡ್ ಹೋಲ್ಡ್ ಬಗ್ಗೆ ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಡುವವರು, ಅದರಲ್ಲೂ ಡೆಬಿಟ್ ಕಾರ್ಡ್ ಮಾತ್ರ ಇಟ್ಟುಕೊಂಡಿರುವ ವಿದ್ಯಾರ್ಥಿಗಳು, ದಯವಿಟ್ಟು ಇದನ್ನು ಪೂರ್ತಿ ಓದಿ.

ಹೋಟೆಲ್, ಬಾಡಿಗೆ ಕಾರು, ಗ್ಯಾಸ್ ಸ್ಟೇಷನ್‌ಗಳಲ್ಲಿ (ಪೆಟ್ರೋಲ್ ಬಂಕ್) ಬಿಲ್ ಆಗುವ ಮೊದಲೇ ಒಂದಿಷ್ಟು ಹಣ ಹೋಲ್ಡ್ ಮಾಡುತ್ತಾರೆ, ಅಂದರೆ ನಿಮ್ಮ ಕಾರ್ಡಿನಲ್ಲಿ ತಾತ್ಕಾಲಿಕವಾಗಿ ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡ್ ಆದರೆ ಲಿಮಿಟ್ ಕಡಿಮೆಯಾಗುತ್ತದೆ, ಅಷ್ಟೇ. ಡೆಬಿಟ್ ಆದರೆ ಖಾತೆಯಲ್ಲಿರುವ ನಿಮ್ಮ ದುಡ್ಡೇ ಸಿಕ್ಕಿಕೊಳ್ಳುತ್ತದೆ. ಅದೇ ವಾರ ಮನೆ ಬಾಡಿಗೆ ಕಟ್ಟಬೇಕಿದ್ದರೆ ಕಷ್ಟ ಅಲ್ವಾ? ಹಾಗಾಗಿ ಆದಷ್ಟು ಕ್ರೆಡಿಟ್ ಕಾರ್ಡೇ ಕೊಡಿ.

ಪಂಪಿನಲ್ಲಿ ಕಾರ್ಡ್ ಹಾಕಿದಾಗ ನೀವು ಎಷ್ಟು ಗ್ಯಾಸ್ ತುಂಬಿಸುತ್ತೀರಿ ಅಂತ ಅದಕ್ಕೆ ಗೊತ್ತಿರುವುದಿಲ್ಲ. 40 ಡಾಲರ್‌ನಷ್ಟು ತುಂಬಿಸಿದರೂ 175 ಡಾಲರ್‌ವರೆಗೆ ಹೋಲ್ಡ್ ಆಗಬಹುದು. ಡೆಬಿಟ್ ಇರುವವರು ಒಳಗೆ ಹೋಗಿ, ಇಷ್ಟು ಡಾಲರ್‌ಗೆ ಎಂದು ಹೇಳಿ ಮೊದಲೇ ಕಟ್ಟುವುದು ಒಳ್ಳೆಯದು.

ಹೋಟೆಲಿನಲ್ಲಿ ಎಷ್ಟು ಹೋಲ್ಡ್, ಯಾವಾಗ ಬಿಡುತ್ತೀರಿ ಎಂದು ಚೆಕ್-ಇನ್ ಹೊತ್ತಿಗೇ ಕೇಳಿ. ಹೊರಡುವಾಗ ಅದೇ ಕಾರ್ಡಿನಲ್ಲಿ ಬಿಲ್ ಕಟ್ಟಿ. ಬೇರೆ ಕಾರ್ಡ್ ಕೊಟ್ಟರೆ ಮೊದಲಿನ ಹೋಲ್ಡ್ ಇನ್ನೂ ಕೆಲವು ದಿನ ಹಾಗೇ ಉಳಿಯಬಹುದು.

ಆ್ಯಪ್‌ನಲ್ಲಿ ಬಿಲ್ ಜೊತೆಗೆ ಹೋಲ್ಡ್ ಮೊತ್ತವೂ ಪೆಂಡಿಂಗ್ ಅಂತ ಕಂಡರೆ ಎರಡು ಸಲ ಕಡಿತವಾಯಿತು ಎಂದು ಗಾಬರಿಯಾಗಬೇಡಿ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನೇ ಹೋಗುತ್ತದೆ. ಹೋಗದಿದ್ದರೆ ಮೊದಲು ಹೋಟೆಲಿಗೆ, ಆಮೇಲೆ ಬ್ಯಾಂಕಿಗೆ ಫೋನ್ ಮಾಡಿ. ರಸೀದಿ ಜೋಪಾನ.

ಬಾಡಿಗೆ ಕಾರು ಪಡೆಯುವವರ ಹೆಸರಿನಲ್ಲೇ ಕಾರ್ಡ್ ಇರಬೇಕು. ಡ್ರೈವ್ ಮಾಡುವವರು ಯಾವ ಕಾರ್ಡ್ ತರುತ್ತೀರಿ, ಕ್ರೆಡಿಟ್ಟೋ ಡೆಬಿಟ್ಟೋ, ಬುಧವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಕಾರ್ಡ್ ನಂಬರ್ ಮಾತ್ರ ಗುಂಪಿನಲ್ಲಿ ಹಾಕಬೇಡಿ.