ವಿಷಯ: 114 ದಾಟದ ಗ್ರಾಫು, ಆರು ಸಲ ಮುಚ್ಚಿದ ದೂರು

ಸಪೋರ್ಟ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಫೋನ್ ಮಾಡಿ ಮಾಡಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ದಾವಣಗೆರೆಯ ಒಂದು ಸಹಕಾರ ಬ್ಯಾಂಕಿನ ನೆಟ್‌ವರ್ಕ್ ನೋಡಿಕೊಳ್ಳುವವನು ನಾನು. ಲಿಂಕಿನಲ್ಲಿ ಎಷ್ಟು ಡೇಟಾ ಹರಿಯುತ್ತಿದೆ ಅಂತ ಗ್ರಾಫಿನಲ್ಲಿ ತೋರಿಸುವ ನಿಮ್ಮ ಮಾನಿಟರಿಂಗ್ ಸಾಫ್ಟ್‌ವೇರ್ ಹಾಕಿಸಿ ಎಂಟು ತಿಂಗಳಾಯಿತು. ಟಿಕೆಟ್ ನಂಬರುಗಳೆಲ್ಲ ನಿಮ್ಮ ಹತ್ತಿರವೇ ಇವೆ. ಆರಕ್ಕೆ ಆರೂ 'ರಿಸಾಲ್ವ್ಡ್' ಅಂತ ಮುಚ್ಚಿದ್ದೀರಿ. ಯಾರಿಗೆ ರಿಸಾಲ್ವ್ ಆಯಿತೋ, ನನಗಂತೂ ಆಗಿಲ್ಲ.

ಬೆಂಗಳೂರಿನ ಡೇಟಾ ಸೆಂಟರ್‌ಗೆ ನಮ್ಮದು 1 ಗಿಗಾಬಿಟ್ ಲಿಂಕು, ಅಂದರೆ ಸೆಕೆಂಡಿಗೆ ಸಾವಿರ ಮೆಗಾಬಿಟ್. ನಿಮ್ಮ ಗ್ರಾಫು ಒಂದು ದಿನವೂ 114 ಮೆಗಾಬಿಟ್ ದಾಟಿಲ್ಲ. ರಾತ್ರಿ ಬ್ಯಾಕಪ್ ಓಡುವಾಗ ಏರಬೇಕಾದ ಗೆರೆ ಕೆಲವು ಸಲ ಇಳಿಯುತ್ತದೆ.

ಕಳೆದ ಗುರುವಾರದ ಕಾಲ್ ನಿಮ್ಮಲ್ಲಿ ರೆಕಾರ್ಡ್ ಆಗಿರುತ್ತದೆ, ದಯವಿಟ್ಟು ಕೇಳಿ. ನಮ್ಮ ಜನರಲ್ ಮ್ಯಾನೇಜರ್ ಪಕ್ಕದಲ್ಲೇ ಕೂತಿದ್ದರು, ಸ್ಪೀಕರ್ ಆನ್ ಇತ್ತು. ನಿಮ್ಮ ಇಂಜಿನಿಯರ್ ಮೊದಲು ಕೇಳಿದ್ದು, "ಸಾರ್, ಕೇಬಲ್ ಸರಿಯಾಗಿ ಸಿಕ್ಕಿಸಿದ್ದೀರಾ?" ಹೌದು ಅಂದೆ. "ಒಂದ್ಸಲ ತೆಗೆದು ಹಾಕಿ ನೋಡಿ." ಮಧ್ಯಾಹ್ನ ಹನ್ನೆರಡಕ್ಕೆ, ಕೌಂಟರ್ ಮುಂದೆ ಜನ ಸಾಲು ನಿಂತಿರುವಾಗ, ಬ್ಯಾಂಕಿನ ಮುಖ್ಯ ಲಿಂಕು ಕಿತ್ತು ಹಾಕಬೇಕಂತೆ. ಆಗಲ್ಲ ಅಂದೆ. ಲಿಂಕು ಬದುಕಿದೆಯಾ ಅಂತ ನೋಡಲು ಪಿಂಗ್ ಮಾಡಿಸಿದರು, ಉತ್ತರ ಬಂತು. "ಬರ್ತಿದೆಯಲ್ಲ ಸಾರ್" ಅಂದರು, ಬರುತ್ತಿಲ್ಲ ಅಂತ ನಾನು ಯಾವತ್ತೂ ಹೇಳಿರಲೇ ಇಲ್ಲ. ಆಮೇಲೆ ಸ್ಕ್ರೀನ್ ಶೇರ್ ಮಾಡಿಸಿಕೊಂಡು, ಮೌಸ್ ತಮ್ಮ ಕೈಗೆ ತಗೊಂಡು, ಬಾಣವನ್ನು ಗ್ರಾಫಿನ ತುದಿಗೆ ಒಯ್ದು ನಿಲ್ಲಿಸಿ, ನನ್ನನ್ನು ಬಿಟ್ಟು ನೇರ ಜಿಎಂ ಸಾಹೇಬರಿಗೇ ಹೇಳಿದರು: "ಸಾರ್, ನೀವು ಉಪಯೋಗಿಸ್ತಿರೋದೇ ನೂರು ಚಿಲ್ಲರೆ. ಒಂದು ಗಿಗಾ ಯಾಕೆ ತಗೊಂಡ್ರಿ?" ಸಾಹೇಬರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಆ ಲಿಂಕಿಗೆ ಶಿಫಾರಸು ಬರೆದವನು ನಾನೇ. ಟೀ ತಂದ ಹುಡುಗನೂ ನಿಂತು ಕೇಳಿಸಿಕೊಂಡ.

ಅವತ್ತು ಸಂಜೆ ಕ್ಯಾಲ್ಕುಲೇಟರ್ ಹಿಡಿದೆ. ಹರಿದ ಬೈಟುಗಳನ್ನು ರೂಟರಿನಲ್ಲಿ ಎಣಿಸುವ 32 ಬಿಟ್ ಕೌಂಟರ್ ಸುಮಾರು 429 ಕೋಟಿ ಬೈಟ್ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 1 ಗಿಗಾಬಿಟ್ ಲಿಂಕು ತುಂಬಿ ಹರಿದರೆ ಅದಕ್ಕೆ 34 ಸೆಕೆಂಡು ಸಾಕು. ನಿಮ್ಮ ಸಾಫ್ಟ್‌ವೇರ್ ಬಂದು ಆ ಲೆಕ್ಕ ಕೇಳುವುದು 5 ನಿಮಿಷಕ್ಕೊಮ್ಮೆ. ನಡುವೆ ಎಷ್ಟು ಸುತ್ತು ಆಯಿತು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? 429 ಕೋಟಿ ಬೈಟನ್ನು ಬಿಟ್ ಮಾಡಲು 8ರಿಂದ ಗುಣಿಸಿ, 5 ನಿಮಿಷದ 300 ಸೆಕೆಂಡಿನಿಂದ ಭಾಗಿಸಿ. 114 ಮೆಗಾಬಿಟ್ ಬರುತ್ತದೆ. ಎಂಟು ತಿಂಗಳಿಂದ ನೀವು ನಮಗೆ ತೋರಿಸುತ್ತಿರುವುದು ನಿಮ್ಮ ಕೌಂಟರಿನ ತುದಿ!

ಇಷ್ಟು ಬೇಗ ಸುತ್ತು ಹೊಡೆಯದ 64 ಬಿಟ್ ಕೌಂಟರ್ ಇರುವುದೇ ಇದಕ್ಕೆ ಅಲ್ವಾ? ಅದು ರೂಟರಿನಿಂದ ಲೆಕ್ಕ ಕೇಳಿ ಪಡೆಯುವ ಎಸ್ಎನ್ಎಂಪಿ ಪದ್ಧತಿಯ ವರ್ಷನ್ 1ರಲ್ಲಿ ಸಿಗುವುದಿಲ್ಲ, 2ಸಿ ಅಥವಾ 3 ಬೇಕು ಅಂತ ನಿಮ್ಮದೇ ಕೈಪಿಡಿಯಲ್ಲಿದೆ. ನಮ್ಮ ರೂಟರನ್ನು ವರ್ಷನ್ 1ರಲ್ಲಿ ಸೇರಿಸಿ ಹೋದವರು ನಿಮ್ಮವರು. ನಾನೇ ಬದಲಿಸೋಣ ಅಂದರೆ ಸಾಫ್ಟ್‌ವೇರಿನ ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ತಿರ, ನಾವು ಕೈ ಹಾಕಿದರೆ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದ, ರದ್ದಂತೆ.

ಮೂಲೆಯಲ್ಲಿದ್ದ ಹಳೇ ಡೆಸ್ಕ್‌ಟಾಪ್‌ಗೆ ಶನಿವಾರ ಲಿಬ್ರೆಎನ್ಎಂಎಸ್ ಹಾಕಿದೆ. ಅದೂ ಮಾನಿಟರಿಂಗ್ ಸಾಫ್ಟ್‌ವೇರೇ, ಪುಕ್ಕಟೆ ಸಿಗುವಂಥದ್ದು. ಅವತ್ತು ರಾತ್ರಿಯ ಬ್ಯಾಕಪ್‌ಗೇ ಅದು 730 ಮೆಗಾಬಿಟ್ ತೋರಿಸಿತು. ಅದಕ್ಕೆ ಎಎಂಸಿ ಇಲ್ಲ, ಪಾಪ.

ಸರಿ ಮಾಡಿಕೊಡಿ ಅಂತ ಏಳನೇ ಸಲ ಕೇಳುವುದಿಲ್ಲ. 114 ಅನ್ನುವುದು ನಿಮ್ಮ ತಪ್ಪು ಅಂತ ಸೋಮವಾರದೊಳಗೆ ಜಿಎಂ ಸಾಹೇಬರ ಹೆಸರಿಗೆ ನಿಮ್ಮ ಲೆಟರ್‌ಹೆಡ್‌ನಲ್ಲಿ ಪತ್ರ ಬರಬೇಕು. ಬರದಿದ್ದರೆ, ಮಾರ್ಚ್ 31ಕ್ಕೆ ಮುಗಿಯುವ ನಿಮ್ಮ ಲೈಸೆನ್ಸಿನ ಫೈಲು ನನ್ನ ಮೇಜಿನ ಮೇಲೇ ಇದೆ, ಷರಾ ಬರೆಯಬೇಕಾದವನೂ ನಾನೇ. ನಿಮ್ಮ ಸೇಲ್ಸ್‌ನವರು ಪಕ್ಕದ ಜಿಲ್ಲೆಯ ಬ್ಯಾಂಕಿನಲ್ಲಿ ಮುಂದಿನ ವಾರ ಡೆಮೊ ಇಟ್ಟುಕೊಂಡಿದ್ದಾರಂತೆ. ಅಲ್ಲಿನ ಐಟಿಯವರು ನನ್ನ ಹಳೇ ಸ್ನೇಹಿತರು. ಮೊದಲ ಪ್ರಶ್ನೆ ಏನು ಕೇಳಬೇಕು ಅಂತ ಹೇಳಿಕೊಟ್ಟಿದ್ದೇನೆ.

ಇತಿ,
ಕೇಬಲ್ ಸರಿಯಾಗಿಯೇ ಸಿಕ್ಕಿಸಿರುವ
ನೆಟ್‌ವರ್ಕ್ ಅಡ್ಮಿನ್