ಘಟ್ಟ ಹತ್ತಬೇಡಿ ಅಂದವರಿಗೆ

ಸಮುದ್ರದಲ್ಲಿ ಸ್ಕೂಬಾ ಡೈವ್ ಮಾಡಿ, ಅಂದರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಈಜಿ ಬಂದ ದಿನ ಶುರುವಾಗಿದ್ದ ಭುಜದ ನೋವು ಪೂರ್ತಿ ಹೋಗಿದೆ. ಎಡಗೈ ಬೆರಳುಗಳಲ್ಲಿ ಜುಮ್ ಅನ್ನುತ್ತಿದ್ದದ್ದೂ ನಿಂತಿದೆ. ಮೊನ್ನೆ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, ಎಲ್ಲ ಸರಿ ಇದೆ ಅಂದರು. ಫೋನ್ ಮಾಡಿ, ಮೆಸೇಜ್ ಹಾಕಿ ವಿಚಾರಿಸಿದವರು ತುಂಬಾ ಜನ. ನಿಮಗೆಲ್ಲ ಒಟ್ಟಿಗೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆದರೆ ಬೈಯಬೇಡಿ.

ಮೊದಲ ಥ್ಯಾಂಕ್ಸ್ ಮುರ್ಡೇಶ್ವರದ ನಮ್ಮ ಡೈವ್ ಗೈಡ್ ಅಣ್ಣನಿಗೆ. ಅವತ್ತು ಅಲ್ಲಿನ ನೇತ್ರಾಣಿ ದ್ವೀಪದ ಹತ್ತಿರ ಎರಡು ಡೈವ್ ಮುಗಿಸಿ ದಡಕ್ಕೆ ಬಂದಿದ್ದೆವು. 20 ಮೀಟರ್ ಆಳ ದಾಟಿರಲಿಲ್ಲ. ನಿಧಾನವಾಗಿಯೇ ಮೇಲೆ ಬಂದಿದ್ದೆವು, ನಿಯಮದ ಹಾಗೆ 5 ಮೀಟರ್ ಆಳದಲ್ಲಿ 3 ನಿಮಿಷ ನಿಂತೂ ಇದ್ದೆವು. ಆಳ, ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್ ಒಂದು ಸಲವೂ ಎಚ್ಚರಿಕೆ ಕೊಟ್ಟಿರಲಿಲ್ಲ. ಸಂಜೆ ಹೊತ್ತಿಗೆ ಭುಜ ನೋಯತೊಡಗಿತು. ಸಿಲಿಂಡರ್ ಹೊತ್ತ ನೋವು, ನಿದ್ದೆ ಮಾಡಿದರೆ ಹೋಗತ್ತೆ ಅಂತ ಜೊತೆಗಿದ್ದವರೆಲ್ಲ ಅಂದರು. ರಾತ್ರಿ ಬೆಂಗಳೂರು ಬಸ್ಸಿಗೆ ಟಿಕೆಟ್ ಆಗಿತ್ತು.

ಅಣ್ಣ ಮಾತ್ರ ಬಿಡಲಿಲ್ಲ. "ಕೈ ಎತ್ತಿ ಇಳಿಸಿ. ನೋವು ಜಾಸ್ತಿ ಆಗತ್ತಾ?" ಆಗಲಿಲ್ಲ. ಒತ್ತಿದರೂ ಜಾಸ್ತಿ ಇಲ್ಲ, ಸುಮ್ಮನಿದ್ದರೂ ಕಡಿಮೆ ಇಲ್ಲ. ಅದೇ ಅವರಿಗೆ ಸರಿ ಕಾಣಲಿಲ್ಲ. ಬೆರಳು ಜುಮ್ ಅನ್ನುತ್ತಿದೆ ಅಂದಾಗ ನಗು ನಿಲ್ಲಿಸಿದರು. "ಬಸ್ ಬೇಡ. ಇವತ್ತು ನೀವು ಘಟ್ಟ ಹತ್ತಬೇಡಿ" ಅಂದರು. ಮುಂದಿನ ಮಾತಿಗೆ ಮೊದಲೇ ಆಕ್ಸಿಜನ್ ಸಿಲಿಂಡರ್ ಬಂತು, ಮುಖಕ್ಕೆ ಮಾಸ್ಕ್ ಬಂತು.

ಘಟ್ಟಕ್ಕೂ ಡೈವಿಂಗಿಗೂ ಏನು ಸಂಬಂಧ ಅಂತ ನಿಮ್ಮಲ್ಲಿ ಹಲವರು ಕೇಳಿದ್ದೀರಿ. 20 ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಮೂರರಷ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಉಳಿಯುತ್ತದೆ. ಮೇಲೆ ಬಂದ ಮೇಲೂ ಎಷ್ಟೋ ಗಂಟೆ ಅದು ಉಸಿರಿನಲ್ಲಿ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತಿರುತ್ತದೆ. ಒತ್ತಡ ಅದಕ್ಕಿಂತ ಬೇಗ ಇಳಿದರೆ ಮೈಯೊಳಗೇ ಗುಳ್ಳೆ ಏಳುತ್ತದೆ. ಕೀಲಿನಲ್ಲಾದರೆ ನೋವು. ಬೆನ್ನುಹುರಿಯಲ್ಲಾದರೆ ಕಾಲಿನ ಶಕ್ತಿಯೇ ಹೋಗಬಹುದು. ಇದೇ ಡಿಕಂಪ್ರೆಷನ್ ಸಿಕ್‌ನೆಸ್. ಎಲ್ಲ ನಿಯಮ ಪಾಲಿಸಿದವರಿಗೂ ಒಮ್ಮೊಮ್ಮೆ ಬರುತ್ತದೆ ಅಂತ ಡಾಕ್ಟರು ಹೇಳಿದರು.

ಈಗ ಘಟ್ಟದ ಲೆಕ್ಕ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. ಒಳಗೆ ಗುಳ್ಳೆ ಇದ್ದರೆ ಅದು ಇನ್ನಷ್ಟು ಹಿಗ್ಗುತ್ತದೆ, ಹೊಸದೂ ಹುಟ್ಟಬಹುದು. ಡೈವ್ ಮಾಡಿ ವಿಮಾನ ಹತ್ತಬಾರದು ಅನ್ನೋದು ಡೈವಿಂಗ್ ಕೋರ್ಸ್ ಮಾಡಿದ ಎಲ್ಲರಿಗೂ ಬಾಯಿಪಾಠ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಕಾಯಿರಿ ಅನ್ನುತ್ತದೆ ಡೈವ್ ಮಾಡುವವರ ಸುರಕ್ಷತೆಗೆ ಇರುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್. ಆದರೆ ಆ ಸಲಹೆ ಸುಮಾರು 600 ಮೀಟರ್ ಎತ್ತರದಿಂದಲೇ ಶುರುವಾಗುತ್ತದೆ ಅನ್ನೋದನ್ನ ಯಾರೂ ಒತ್ತಿ ಹೇಳುವುದಿಲ್ಲ. ಬಸ್ಸಾದರೇನು, ವಿಮಾನವಾದರೇನು, ಮೈಗೆ ಗೊತ್ತಾಗುವುದು ಒತ್ತಡ ಮಾತ್ರ ಅಲ್ವಾ? ಭಾನುವಾರ ಡೈವ್ ಮಾಡಿ ಅದೇ ರಾತ್ರಿ ಬೆಂಗಳೂರಿಗೆ ಹೊರಡುವವರು ಎಷ್ಟು ಜನ ಇದ್ದಾರೆ, ಲೆಕ್ಕ ಹಾಕಿ. ಅದೂ ಈ ಗಂಟೆಗಳ ಲೆಕ್ಕ ಏನೂ ತೊಂದರೆ ಇಲ್ಲದವರಿಗೆ. ನೋವು, ಜುಮ್ ಅನ್ನುವುದು ಶುರುವಾಗಿದ್ದರೆ ಡಾಕ್ಟರು ಹೇಳುವ ತನಕ ಮೇಲೆ ಹತ್ತುವ ಮಾತೇ ಇಲ್ಲ.

ಫೋನ್ ಎತ್ತಿದ ಡಾಕ್ಟರಮ್ಮನಿಗೆ ಥ್ಯಾಂಕ್ಸ್. ತಮ್ಮ ರಜೆ ಬಿಟ್ಟು, ಕರಾವಳಿಯ ರಸ್ತೆಯಲ್ಲೇ ಈ ಕಾಯಿಲೆಗೆ ಚಿಕಿತ್ಸೆ ಕೊಡುವ ಒತ್ತಡದ ಛೇಂಬರ್ ತನಕ ಕಾರು ಓಡಿಸಿದ ಗೆಳೆಯ ಗೆಳತಿಯರಿಗೆ ಥ್ಯಾಂಕ್ಸ್. ದಾರಿಯುದ್ದಕ್ಕೂ ನನ್ನನ್ನು ಮಲಗಿಸಿ, ಮಾಸ್ಕ್ ತೆಗೆಯಲು ಬಿಡದೆ, ನೀರು ಕುಡಿಸುತ್ತಾ ಬಂದಿರಿ. ಹಾಡು ಹಾಕಿದ್ದು ಮಾತ್ರ ಕ್ಷಮಿಸಲಾಗದು.

ಛೇಂಬರ್ ಅಂದರೆ ಒಳಗೆ ಮಲಗುವಷ್ಟು ಜಾಗ ಇರುವ ದಪ್ಪ ಉಕ್ಕಿನ ಕೊಳವೆ. ಬಾಗಿಲು ಹಾಕಿ, ಗಾಳಿ ತುಂಬಿ, ಮತ್ತೆ 18 ಮೀಟರ್ ಆಳಕ್ಕೆ ಇಳಿಸಿದಷ್ಟು ಒತ್ತಡ ಕೊಡುತ್ತಾರೆ. ಗುಳ್ಳೆ ಕುಗ್ಗುತ್ತದೆ, ಉಸಿರಾಡುವ ಶುದ್ಧ ಆಕ್ಸಿಜನ್ ನೈಟ್ರೋಜನ್ನನ್ನು ಹೊರಗೆ ಎಳೆಯುತ್ತದೆ. 20 ನಿಮಿಷ ಆಕ್ಸಿಜನ್, 5 ನಿಮಿಷ ಮಾಮೂಲಿ ಗಾಳಿ, ಮತ್ತೆ ಆಕ್ಸಿಜನ್. ಆಮೇಲೆ 9 ಮೀಟರಿನಷ್ಟು ಒತ್ತಡದಲ್ಲಿ ಇನ್ನೂ ಬಹಳ ಹೊತ್ತು. ಎಲ್ಲ ಸೇರಿ 4 ಗಂಟೆ 45 ನಿಮಿಷ. ಒತ್ತಡ ಏರುವಾಗ ಒಳಗೆ ಸೆಕೆ, ಇಳಿಸುವಾಗ ಚಳಿ, ಮಂಜು. ಭುಜದ ನೋವು ಮೊದಲ ಸುತ್ತಿನಲ್ಲೇ ಕರಗಿತು.

ಆ ಹೊತ್ತೆಲ್ಲ ನನ್ನ ಪಕ್ಕದಲ್ಲೇ ಕೂತಿದ್ದವರು ಒಬ್ಬ ಸಿಸ್ಟರ್. ಒತ್ತಡಕ್ಕೆ ಕಟ್ಟಿಕೊಳ್ಳುವ ಕಿವಿಯನ್ನು ಬಿಡಿಸಿಕೊಳ್ಳಲು ನೆನಪಿಸುತ್ತಾ, ಮಾಸ್ಕ್ ಸರಿ ಮಾಡುತ್ತಾ, ಕಾಲು ಅಲ್ಲಾಡಿಸಲು ಹೇಳುತ್ತಾ ಇದ್ದರು. ನನಗೆ ಗೊತ್ತಿರದಿದ್ದ ಒಂದು ವಿಷಯ ಆಮೇಲೆ ತಿಳಿಯಿತು. ನಾನು ಆಕ್ಸಿಜನ್ ಎಳೆಯುತ್ತಿದ್ದಾಗ ಅವರು ಉಸಿರಾಡುತ್ತಿದ್ದದ್ದು ಮಾಮೂಲಿ ಗಾಳಿ. ಅಂದರೆ ಡೈವ್ ಮಾಡಿದ ಹಾಗೇ ಅವರ ಮೈಯಲ್ಲೂ ನೈಟ್ರೋಜನ್ ಸೇರುತ್ತದೆ. ಅದಕ್ಕೇ ಕೊನೆಗೆ ಅವರೂ ಸ್ವಲ್ಪ ಹೊತ್ತು ಮಾಸ್ಕ್ ಹಾಕಿಕೊಂಡರು, ಒಂದು ದಿನ ಅವರೂ ಎತ್ತರಕ್ಕೆ ಹೋಗುವ ಹಾಗಿಲ್ಲ. ಅವರ ಮನೆ ಇರುವುದು ಘಟ್ಟದ ಮೇಲೆ! ಮರುದಿನ ಊರಿಗೆ ಹೊರಡಬೇಕಿತ್ತಂತೆ. "ಬಿಡಿ, ಊರು ಎಲ್ಲಿಗೂ ಓಡಿಹೋಗಲ್ಲ" ಅಂದುಬಿಟ್ಟರು. ಸಿಸ್ಟರ್, ನಿಮ್ಮ ಆ ರಜಾದಿನಕ್ಕೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ನನಗೆ ತಿಳಿದಿಲ್ಲ.

ಆಡುಗಳಿಗೂ ಒಂದು ಥ್ಯಾಂಕ್ಸ್ ಹೇಳಬೇಕು. ತಮಾಷೆ ಅಲ್ಲ. ಸ್ಕಾಟ್ಲೆಂಡ್ ಮೂಲದ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪ್ರಯೋಗ ಮಾಡಿ, ಹಂತ ಹಂತವಾಗಿ ಮೇಲೆ ಬರುವ ಲೆಕ್ಕವನ್ನು 1908ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ಕಟ್ಟುವಾಗ, ನದಿಯ ತಳದಲ್ಲಿ ಒತ್ತಡದ ಗಾಳಿಯಲ್ಲಿ ದುಡಿದವರಿಗೆ ಇದೇ ಕಾಯಿಲೆ ಬಂದಿತ್ತು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಹಾಸಿಗೆ ಹಿಡಿದರು. ಸೇತುವೆ ಮುಗಿಯುವ ತನಕ ಕೆಲಸ ನೋಡಿಕೊಂಡದ್ದು ಅವರ ಹೆಂಡತಿ ಎಮಿಲಿ. ಅವರಿಗೆಲ್ಲ ಸಿಗದ ಚಿಕಿತ್ಸೆ ನನಗೆ ಸಿಕ್ಕಿತು.

ಚಿಕಿತ್ಸೆ ಆದ ಮೇಲೂ ಕನಿಷ್ಠ 72 ಗಂಟೆ ಎತ್ತರ ಬೇಡ ಅಂದರು. ಆಗ ಮನೆ ಬಾಗಿಲು ತೆರೆದದ್ದು ಕುಮಟಾದ ದೊಡ್ಡಮ್ಮ. ಗಂಜಿ, ತಂಬುಳಿ, ಮುರುಗಲು ಶರಬತ್ತು. "ಸಮುದ್ರ ದಡದಲ್ಲಿ ನಿಂತು ನೋಡಿದರೆ ಸಾಲದಾ?" ಅಂತ ಊಟಕ್ಕೊಮ್ಮೆ ಬೈಗುಳವೂ ಸಿಕ್ಕಿತು. ತಮ್ಮನ ನಿಶ್ಚಿತಾರ್ಥ ವೀಡಿಯೋ ಕಾಲಿನಲ್ಲೇ ನೋಡಿದೆ. ತಮ್ಮಾ, ಮದುವೆಗೆ ಖಂಡಿತ ಇರ್ತೀನಿ.

ಕೊನೆಯದಾಗಿ ಮತ್ತೆ ಗೈಡ್ ಅಣ್ಣನಿಗೇ. ಅವತ್ತು ಖರ್ಚಾದ ಆಕ್ಸಿಜನ್ನಿನ ದುಡ್ಡು ನೀವಿನ್ನೂ ತೆಗೆದುಕೊಂಡಿಲ್ಲ. ಸಿಲಿಂಡರ್ ತುಂಬಿಸಿ ಇಡಲೇಬೇಕಲ್ಲ, ನಾಳೆ ಇನ್ಯಾರಿಗೋ ಬೇಕಾಗತ್ತೆ. ನಂಬರ್ ಕಳಿಸಿ ಅಣ್ಣಾ, ಎಷ್ಟು ಸಲ ಕೇಳೋದು?