ಹೊರಗಿನವರಿಗೆ ಕನ್ನಡ ಕಲಿಸುವ ವ್ಯವಸ್ಥೆ ಬೇಕು

ಮಾನ್ಯ ಸಂಪಾದಕರೇ,

ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ ವಿದೇಶಿ ಮಿಷನರಿ ಕುಟುಂಬವೊಂದು ಕನ್ನಡ ಕಲಿಕೆ ಮುಗಿಸಿ, ಊರು ಬಿಡುವ ಸಿದ್ಧತೆಯಲ್ಲಿದೆ. ಆ ಮನೆಯಾಕೆ ಈಗ ತಳ್ಳುಗಾಡಿಯವನ ಬಳಿ ‘ಟೊಮ್ಯಾಟೊ ಭಾಳ ತುಟ್ಟಿ ಆತಲ್ರೀ ಅಣ್ಣಾ’ ಎಂದು ಚೌಕಾಸಿಗಿಳಿಯುತ್ತಾರೆ. ಮಕ್ಕಳಂತೂ ಜಗಳವಾಡುವುದೇ ಬಳ್ಳಾರಿಯ ಕನ್ನಡದಲ್ಲಿ. ಅವರ ಧರ್ಮಪ್ರಚಾರದ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ, ಅದು ಬೇರೆ ಮಾತು.

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ತೊಡಗಿದರು. ಅವರ ನಂತರ ಬಂದ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದಿತು. 1843ರಲ್ಲಿ ಆರಂಭವಾದ ಮಿಷನರಿಗಳ ‘ಮಂಗಳೂರ ಸಮಾಚಾರ’ ಪತ್ರಿಕೆಯೂ ಮರುವರ್ಷ ಬಳ್ಳಾರಿಯಲ್ಲಿಯೇ ‘ಕನ್ನಡ ಸಮಾಚಾರ’ವಾಗಿ ಮುದ್ರಣಗೊಂಡಿತು. ಆದರೆ ಈ ಮಿಷನರಿಗಳಿಗೆ ಕನ್ನಡವನ್ನು ತಿದ್ದಿ ತೀಡಿ ಕಲಿಸಿದ ಸ್ಥಳೀಯ ಮುನ್ಷಿಗಳನ್ನು ನಾವು ನೆನೆಯುವುದೇ ಅಪರೂಪ.

ನಮ್ಮ ನೆರೆಯವರು ಕಲಿತದ್ದೂ ನಿವೃತ್ತ ಮೇಷ್ಟ್ರೊಬ್ಬರ ಮನೆಪಾಠದಿಂದಲೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ದುಡಿಯಲು ಬರುವ ಹೊರರಾಜ್ಯದ ಕಾರ್ಮಿಕರಿಗೆ, ವರ್ಗವಾಗಿ ಬರುವ ಬ್ಯಾಂಕ್ ಸಿಬ್ಬಂದಿಗೆ ಅಂಥ ಮನೆಪಾಠದ ಶುಲ್ಕವೂ ಬಿಡುವೂ ಎಲ್ಲಿಂದ ಬರಬೇಕು? ಆದ್ದರಿಂದ ಜಿಲ್ಲಾಡಳಿತವು ಸರ್ಕಾರಿ ಶಾಲೆಗಳ ಕೊಠಡಿಗಳಲ್ಲಿ, ನಿವೃತ್ತ ಶಿಕ್ಷಕರಿಗೆ ಗೌರವಧನ ನೀಡಿ, ಉಚಿತ ಸಂಜೆ ತರಗತಿಗಳನ್ನು ನಡೆಸಬೇಕೆಂದು ಕೋರುತ್ತೇನೆ.

– ಓದುಗ, ಕೌಲ್ ಬಜಾರ್, ಬಳ್ಳಾರಿ